ಡೈರೆಕ್ಟರ್ ಪಟ್ಟಿಯಿಂದ ಮತ್ತೆ ಅವರ ಹೆಸರು ಹೊರಗೆ. ಮ್ಯಾನೇಜರ್ ಆದವನು ಏನು ಮಾಡಬಹುದು?

ಪ್ರಶ್ನೆ: ಆಲ್ಫರೆಟ್ಟಾ ನಿವಾಸಿ

ನಮಸ್ಕಾರ. ಊರು ಅರಸೀಕೆರೆ, ಈಗ ಇರೋದು ಅಟ್ಲಾಂಟಾ ಹತ್ತಿರದ ಆಲ್ಫರೆಟ್ಟಾದಲ್ಲಿ. ಕಾರ್ಡ್ ಪೇಮೆಂಟ್ ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಇಂಜಿನಿಯರಿಂಗ್ ಮ್ಯಾನೇಜರ್. ಆಫೀಸಿನಲ್ಲಿ ಮನಸ್ಸು ಬಿಚ್ಚಿ ಕೇಳುವಂಥವರು ಯಾರೂ ಇಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ.

ನನ್ನ ಟೀಮಿನಲ್ಲಿ ಸೆಟಲ್‌ಮೆಂಟ್ ವಿಭಾಗ ನಡೆಸುವವರು ಒಬ್ಬ ಕಪ್ಪು ಮಹಿಳೆ. ನಾನು ಸೇರುವ ಮೊದಲಿನಿಂದ ಅಲ್ಲಿದ್ದಾರೆ. ದಿನದ ವ್ಯಾಪಾರ ಮುಗಿದ ಮೇಲೆ ಯಾವ ಅಂಗಡಿಗೆ ಎಷ್ಟು ದುಡ್ಡು ಹೋಗಬೇಕು ಅನ್ನೋ ಲೆಕ್ಕ ರಾತ್ರಿ ಬ್ಯಾಂಕಿಗೆ ಫೈಲ್ ಆಗಿ ಹೋಗುತ್ತದಲ್ಲ, ಅದರ ಒಳಹೊರಗು ಅವರಿಗೆ ಗೊತ್ತಿರುವಷ್ಟು ಕಂಪನಿಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಡೈರೆಕ್ಟರ್ ಹುದ್ದೆಗೆ ಅವರ ಹೆಸರು ಕಳಿಸುತ್ತಲೇ ಇದ್ದೇನೆ. ಈ ಸಲವೂ ವಾಪಸ್ ಬಂತು.

ಬಂದ ಕಾರಣ ಕೇಳಿ. ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯದಲ್ಲಿ ಒಂದು ಫೈಲ್ ಎರಡು ಸಲ ಹೊರಡುವ ಹಾಗಾಗಿತ್ತು. ಹೋಗಿದ್ದರೆ ಸಾವಿರಾರು ಅಂಗಡಿಗಳ ಖಾತೆಗೆ ಡಬಲ್ ದುಡ್ಡು. ನಡುರಾತ್ರಿ ಎಲ್ಲರೂ ಕಾಲ್‌ನಲ್ಲಿದ್ದೆವು. ಬ್ಯಾಂಕಿನ ಗಡುವಿಗೆ ಇನ್ನು ಕೆಲವೇ ನಿಮಿಷ. ಒಬ್ಬ ವೈಸ್ ಪ್ರೆಸಿಡೆಂಟ್ ಮಧ್ಯೆ ಮಧ್ಯೆ ಪ್ರಶ್ನೆ ಹಾಕುತ್ತಿದ್ದಾಗ ಇವರು, 'ದಯವಿಟ್ಟು ಐದು ನಿಮಿಷ ಯಾರೂ ಮಾತಾಡಬೇಡಿ, ನಾನು ಮೊದಲು ಫೈಲ್ ತಡೀತೀನಿ' ಅಂದರು. ತಡೆದರು ಕೂಡ. ಅದೇ ಕಾಲ್‌ನಲ್ಲಿ ನೆಟ್‌ವರ್ಕ್ ಕಡೆಯ ಒಬ್ಬ ಬಿಳಿಯ ಸಹೋದ್ಯೋಗಿ ಬ್ಯಾಂಕಿನವರ ಮೇಲೆ ಕೂಗಾಡಿದ್ದ. ಎಲ್ಲರ ಕೆಲಸ ತೂಗಿ ಪ್ರಮೋಷನ್ ತೀರ್ಮಾನಿಸುವ ಕ್ಯಾಲಿಬ್ರೇಷನ್ ಮೀಟಿಂಗಿನಲ್ಲಿ ಅವನ ಬಗ್ಗೆ ಬಂದ ಮಾತು: ಕಷ್ಟದ ಹೊತ್ತಲ್ಲಿ ಹೊಣೆ ಹೊತ್ತುಕೊಳ್ಳುತ್ತಾನೆ. ಇವರ ಬಗ್ಗೆ ಬಂದ ಮಾತು: ಒರಟು, ಹಿರಿಯರೊಂದಿಗೆ ಮಾತಾಡುವ ಧಾಟಿ ಸರಿಯಿಲ್ಲ, 'ಎಕ್ಸಿಕ್ಯುಟಿವ್ ಪ್ರೆಸೆನ್ಸ್', ಅಂದರೆ ದೊಡ್ಡ ಹುದ್ದೆಗೆ ತಕ್ಕ ಗತ್ತು, ಇನ್ನೂ ಬಂದಿಲ್ಲ, ಒಬ್ಬ ಮೆಂಟರ್ ಕೊಡೋಣ.

ಆ ಫೈಲಿನ ವಿಷಯ ಎತ್ತಿದೆ. ಆಮೇಲೆ ಎಚ್‌ಆರ್ ಪಾರ್ಟ್ನರ್ ನನ್ನನ್ನು ಪಕ್ಕಕ್ಕೆ ಕರೆದು, 'ಹೋದ ಸುತ್ತಿನಲ್ಲಿ ಮಹಿಳೆಯರೂ ಡೈರೆಕ್ಟರ್ ಆಗಿದ್ದಾರೆ, ಕಪ್ಪು ಜನಾಂಗದವರೂ ಒಬ್ಬರು ಆಗಿದ್ದಾರೆ, ಹಾಗಾಗಿ ಇದನ್ನ ತಾರತಮ್ಯ ಅಂತ ನೋಡಬೇಡಿ' ಎಂದರು. ಆದ ಮಹಿಳೆಯರೆಲ್ಲ ಬಿಳಿಯರು. ಆದ ಕಪ್ಪು ವ್ಯಕ್ತಿ ಗಂಡಸು.

ನಾನಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ, ಗ್ರೀನ್ ಕಾರ್ಡ್ ಕ್ಯೂ ನಿಮಗೆಲ್ಲ ಗೊತ್ತೇ ಇದೆ. ಇಷ್ಟಾದರೂ ಇದನ್ನು ಇಲ್ಲಿಗೇ ಬಿಡೋಕೆ ಮನಸ್ಸು ಒಪ್ಪುತ್ತಿಲ್ಲ. ಮುಂದಿನ ಸುತ್ತು ಹತ್ತಿರದಲ್ಲೇ ಇದೆ. ಮುಟ್ಟುವಂಥ ಕೆಲಸ ಏನು ಮಾಡಬಹುದು? ಇಂಥ ಮೀಟಿಂಗುಗಳಲ್ಲಿ ಕೂತವರು ಯಾರಾದರೂ ಹೇಳಿ.


ಉತ್ತರ: ಜೆನೆಸೀ ತೀರದವಳು

ನಾನು ತೀರ್ಥಹಳ್ಳಿಯವಳು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ಗೆ ಬಂದು ಅರ್ಧ ಆಯುಷ್ಯ ಕಳೆಯಿತು. ಮೊದಲು ಫ್ಯಾಕ್ಟರಿ ಪ್ಲಾನಿಂಗ್, ಆಮೇಲೆ ಎಚ್‌ಆರ್. ನೀವು ಹೇಳಿದ ಆ ಮೀಟಿಂಗುಗಳಲ್ಲಿ ಎಕ್ಸೆಲ್ ಶೀಟ್ ತೆರೆದಿಟ್ಟುಕೊಂಡು ಕೂರುವುದೇ ನನ್ನ ಕೆಲಸವಾಗಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಓದಿ.

ಮೊದಲು ಆ ಎಚ್‌ಆರ್ ಮಾತು. 'ಮಹಿಳೆಯರೂ ಆಗಿದ್ದಾರೆ, ಕಪ್ಪು ಜನರೂ ಆಗಿದ್ದಾರೆ' ಅನ್ನೋದು ಹಳೆಯ ವಾದ, ಕೋರ್ಟಿನಲ್ಲಿ ಗೆದ್ದಿದ್ದ ವಾದ. ಸೇಂಟ್ ಲೂಯಿಸ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆ ಇತ್ತು. 1964ಕ್ಕೆ ಮೊದಲು ಆ ಕಂಪನಿ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ತಗೊಂಡಿರಲಿಲ್ಲ. ಆಮೇಲೆ ತಗೊಂಡರು. ಎಪ್ಪತ್ತರ ದಶಕದಲ್ಲಿ ಮಂದಗತಿ ಬಂದಾಗ, ಕೊನೆಗೆ ಸೇರಿದವರು ಮೊದಲು ಹೊರಗೆ ಅನ್ನೋ ಸೀನಿಯಾರಿಟಿ ಲೆಕ್ಕದಲ್ಲಿ ಅವರೆಲ್ಲ ಕೆಲಸ ಕಳಕೊಂಡರು. ಬಾಗಿಲು ತೆರೆದದ್ದೇ ತಡವಾಗಿ, ಹಾಗಾಗಿ ಸೀನಿಯಾರಿಟಿ ಎಲ್ಲಿಂದ ಬರಬೇಕು? ಎಮ್ಮಾ ಡಿಗ್ರಾಫೆನ್‌ರೀಡ್ ಮತ್ತು ಅವರ ಜೊತೆಗಾರ್ತಿಯರು ಕೇಸು ಹಾಕಿದರು. 1976ರಲ್ಲಿ ಜಡ್ಜ್ ಹೇಳಿದ್ದು ಹೀಗೆ: ಕಂಪನಿಯಲ್ಲಿ ಮೊದಲಿನಿಂದ ಮಹಿಳೆಯರಿದ್ದಾರೆ, ಆದ್ದರಿಂದ ಲಿಂಗ ತಾರತಮ್ಯ ಇಲ್ಲ, ಜನಾಂಗದ ದೂರು ಬೇರೆ, ಅದನ್ನು ಬೇರೆ ಕೇಸಿನ ಜೊತೆ ಸೇರಿಸಿಕೊಳ್ಳಿ, ಎರಡನ್ನೂ ಬೆರೆಸಿ ಹೊಸದೊಂದು ವರ್ಗ ಮಾಡೋಕೆ ಕಾನೂನಿನಲ್ಲಿ ಜಾಗ ಇಲ್ಲ. ಆ ಮಹಿಳೆಯರು ಬಿಳಿಯರಾಗಿದ್ದರು, ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದರು. ಕಾರ್ಖಾನೆಯೊಳಗಿದ್ದ ಕಪ್ಪು ಜನ ಗಂಡಸರು. ಎರಡೂ ಕಡೆ ಇಲ್ಲದಿದ್ದವರು ಇವರೇ. 1989ರಲ್ಲಿ ಕಿಂಬರ್ಲಿ ಕ್ರೆನ್‌ಶಾ ಎಂಬ ಕಾನೂನು ಪ್ರಾಧ್ಯಾಪಕಿ, ಎರಡು ಬಗೆಯ ತಾರತಮ್ಯ ಒಬ್ಬರ ಮೇಲೇ ಕೂಡಿ ಬೀಳೋದಕ್ಕೆ 'ಇಂಟರ್‌ಸೆಕ್ಷನಾಲಿಟಿ' ಎಂಬ ಹೆಸರಿಟ್ಟು ಬರೆದ ಲೇಖನದಲ್ಲಿ ಕೈಗೆತ್ತಿಕೊಂಡ ಕೇಸುಗಳಲ್ಲಿ ಇದೂ ಒಂದು.

ನೀವು ಜಾರ್ಜಿಯಾದಲ್ಲಿದ್ದೀರಿ, ಹಾಗಾಗಿ ಇದನ್ನೂ ತಿಳಿದಿರಿ. 1980ರಲ್ಲಿ ಟೆಕ್ಸಾಸ್‌ನ ಒಂದು ಕೇಸಿನಲ್ಲಿ ಕೆಲವು ರಾಜ್ಯಗಳ ಅಪೀಲು ಕೇಳುವ ಐದನೇ ಸರ್ಕ್ಯೂಟ್ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಜೆಫ್ರೀಸ್ ಎಂಬ ಕಪ್ಪು ಮಹಿಳೆಗೆ ಪ್ರಮೋಷನ್ ಸಿಕ್ಕಿರಲಿಲ್ಲ. ಬಿಳಿ ಮಹಿಳೆಯರಿಗೂ ಕಪ್ಪು ಗಂಡಸರಿಗೂ ಅನ್ಯಾಯ ಆಗದಿದ್ದರೂ ಕಪ್ಪು ಮಹಿಳೆಗೆ ಆಗಿರಬಹುದು ಅಂತ ಕೋರ್ಟು ಹೇಳಿತು. ಆಗ ಜಾರ್ಜಿಯಾ ಕೂಡ ಅದೇ ಸರ್ಕ್ಯೂಟಿನಲ್ಲಿತ್ತು. ಆಮೇಲೆ ಹುಟ್ಟಿದ ಹನ್ನೊಂದನೇ ಸರ್ಕ್ಯೂಟ್ ಹಳೆಯ ತೀರ್ಪುಗಳನ್ನೆಲ್ಲ ತನ್ನದಾಗಿಸಿಕೊಂಡಿದೆ. ಹೋಗಿ ಕೇಸು ಹಾಕಿಸಿ ಅಂತ ಇದನ್ನ ಹೇಳ್ತಿಲ್ಲ. ಮುಂದಿನ ಸಲ ಆ ಎಚ್‌ಆರ್ ಹಾಗೆ ಅಂದಾಗ ನೀವು ಸುಮ್ಮನೆ, 'ಹಿಂದಿನ ಸುತ್ತುಗಳಲ್ಲಿ ಕಪ್ಪು ಮಹಿಳೆಯರು ಎಷ್ಟು ಜನ ಈ ಹಂತ ದಾಟಿದ್ದಾರೆ ಹೇಳಿ' ಎಂದು ಕೇಳಿ. ಅವರ ಹತ್ತಿರ ಆ ಲೆಕ್ಕ ಇರುತ್ತದೆ. ನನ್ನ ಹತ್ತಿರ ಇರುತ್ತಿತ್ತು.

ಈಗ ಒರಟುತನದ ವಿಷಯ. ರಾಚೆಸ್ಟರ್‌ನಲ್ಲಿ ಇದ್ದವರಿಗೆ ಜೆರಾಕ್ಸ್ ಕಂಪನಿಯ ಸಿಇಒ ಆದ ಕಪ್ಪು ಮಹಿಳೆ ಅರ್ಸುಲಾ ಬರ್ನ್ಸ್ ಕಥೆ ಗೊತ್ತಿರುತ್ತದೆ. ಜೆರಾಕ್ಸ್ ಹುಟ್ಟಿದ್ದು ಈ ಊರಲ್ಲೇ. ಆಕೆ ಬೆಳೆದದ್ದು ಮ್ಯಾನ್‌ಹಟನ್‌ನ ಲೋಯರ್ ಈಸ್ಟ್ ಸೈಡ್‌ನಲ್ಲಿ, ಬರೂಕ್ ಹೌಸಸ್ ಎಂಬ ಸರ್ಕಾರಿ ವಸತಿಯಲ್ಲಿ. ಪನಾಮಾದಿಂದ ಬಂದ ತಾಯಿ ಬಟ್ಟೆ ಇಸ್ತ್ರಿ ಮಾಡಿ, ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಂಡು ಮೂವರನ್ನು ಸಾಕಿದರು. 1980ರಲ್ಲಿ ಬರ್ನ್ಸ್ ಬೇಸಿಗೆಯ ಇಂಟರ್ನ್ ಆಗಿ ಜೆರಾಕ್ಸ್ ಸೇರಿದರು. ಮೆಕ್ಯಾನಿಕಲ್ ಇಂಜಿನಿಯರ್.

1989ರಲ್ಲಿ ಒಂದು ಸಭೆ. ಕಪ್ಪು ಜನರನ್ನೂ ಮಹಿಳೆಯರನ್ನೂ ತಗೊಳ್ಳೋದರಿಂದ ಗುಣಮಟ್ಟ ಇಳಿಯಲ್ವಾ ಎಂಬರ್ಥದಲ್ಲಿ ಯಾರೋ ಕೇಳಿದರು. ವೇಲ್ಯಾಂಡ್ ಹಿಕ್ಸ್ ಎಂಬ ಹಿರಿಯ ಅಧಿಕಾರಿ ತಾಳ್ಮೆಯಿಂದ ಉತ್ತರ ಕೊಟ್ಟರು. ಬರ್ನ್ಸ್‌ಗೆ ಸಿಟ್ಟು ಬಂತು: ಇಂಥ ಪ್ರಶ್ನೆಗೆ ಉತ್ತರ ಕೊಡುವ ಮರ್ಯಾದೆ ಯಾಕೆ? ಎಲ್ಲರೆದುರು ಹಾಗೆಂದೇ ಬಿಟ್ಟರು. ನಿಮ್ಮ ಕಂಪನಿಯಲ್ಲಾಗಿದ್ದರೆ ಅದು ಫೈಲಿನಲ್ಲಿ ಶಾಶ್ವತವಾಗಿ ಕೂರುತ್ತಿತ್ತು. ಹಿಕ್ಸ್ ಆಕೆಯನ್ನು ಕರೆಸಿ, ನಿನ್ನ ಕಳಕಳಿ ಸರಿ, ಹೇಳಿದ ರೀತಿ ಸರಿಯಿಲ್ಲ ಎಂದರು. ಬಹಳ ಜನ ಇಲ್ಲಿಗೆ ನಿಲ್ಲಿಸಿ, ಕೈತೊಳೆದುಕೊಂಡು, ಮೆಂಟರ್ ಕೊಡ್ತಾರೆ. ಹಿಕ್ಸ್ ಹಾಗೆ ಮಾಡಲಿಲ್ಲ. ಆಗಾಗ ಭೇಟಿಗೆ ಕರೆದರು, 1990ರಲ್ಲಿ ತನ್ನ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಮಾಡಿಕೊಂಡರು. ಅಂದರೆ ದೊಡ್ಡವರ ಮೀಟಿಂಗುಗಳಲ್ಲೆಲ್ಲ ಆಕೆಗೆ ಕುರ್ಚಿ.

ಮುಂದೆ ಸಿಇಒ ಪಾಲ್ ಅಲೇರ್ ತಿಂಗಳು ತಿಂಗಳೂ ಹೊಸಬರನ್ನು ತಗೋಬಾರದು ಅಂತ ಹೇಳೋರು, ಆದರೆ ಪ್ರತಿ ತಿಂಗಳೂ ಸಾವಿರ ಜನ ಸೇರೋರು. ಬರ್ನ್ಸ್ ಕೈಯೆತ್ತಿ ಕೇಳಿದರು: ನೀವು ಹೇಳಿದರೂ ನಡೀತಿಲ್ಲ ಅಂದ್ರೆ, ಯಾರು ಹೇಳಿದರೆ ನಡೆಯುತ್ತೆ? 1991ರಲ್ಲಿ ಅಲೇರ್ ಆಕೆಯನ್ನು ತನ್ನ ಅಸಿಸ್ಟೆಂಟ್ ಆಗಿ ಕರೆಸಿಕೊಂಡರು. ಹದಿನೆಂಟು ವರ್ಷದ ನಂತರ, 2009ರ ಜುಲೈನಲ್ಲಿ, ಆನ್ ಮಲ್ಕೇಹಿ ಅವರ ಜಾಗಕ್ಕೆ ಬರ್ನ್ಸ್ ಸಿಇಒ. ಫಾರ್ಚೂನ್ 500 (ಅಮೆರಿಕದ ಅತಿ ದೊಡ್ಡ 500 ಕಂಪನಿಗಳ ಪಟ್ಟಿ) ಕಂಪನಿಯೊಂದರ ಸಿಇಒ ಆದ ಮೊದಲ ಕಪ್ಪು ಮಹಿಳೆ.

ನಿಮ್ಮ ಸಹೋದ್ಯೋಗಿ ಆ ರಾತ್ರಿ ಆಡಿದ ಮಾತಿಗೂ ಬರ್ನ್ಸ್ ಆಡಿದ ಮಾತಿಗೂ ನನಗೆ ವ್ಯತ್ಯಾಸ ಕಾಣೋದಿಲ್ಲ. ನಿಜ ಹೇಳಬೇಕೆಂದರೆ ನಿಮ್ಮವರೇ ಹೆಚ್ಚು ಮೆತ್ತಗೆ ಮಾತಾಡಿದ್ದಾರೆ. ಬರ್ನ್ಸ್‌ಗೆ ಸಿಕ್ಕಿ ಇವರಿಗೆ ಸಿಗದೇ ಹೋದದ್ದು, ಬಾಗಿಲು ಹಾಕಿದ ಕೋಣೆಯಲ್ಲಿ ತನ್ನ ಸ್ಥಾನಮಾನವನ್ನು ಪಣಕ್ಕಿಟ್ಟು 'ಇವಳು ಬೇಕು' ಎನ್ನುವ ಒಬ್ಬ ಮನುಷ್ಯ. ಮೆಂಟರ್ ಆದವರು ಹೊರಗಡೆ ಆಕೆಗೆ ಬುದ್ಧಿ ಹೇಳ್ತಾರೆ. ಕಪ್ಪು ಮಹಿಳೆಯರಿಗೆ ಬುದ್ಧಿ ಹೇಳುವವರಿಗೆ ಅಮೆರಿಕದಲ್ಲಿ ಬರ ಬಂದಿಲ್ಲ. ಒಳಗೆ ಮಾತಾಡುವ ಸ್ಪಾನ್ಸರ್ ಸಿಗೋದು ಕಷ್ಟ.

ಇನ್ನು ಅಂಕಿ ಅಂಶ. ಮೆಕಿನ್ಸಿ ಎಂಬ ಸಲಹಾ ಕಂಪನಿ ಮತ್ತು ಲೀನ್‌ಇನ್ ಎಂಬ ಮಹಿಳಾ ಸಂಸ್ಥೆ ಪ್ರತಿವರ್ಷ ಅಮೆರಿಕದ ಕಂಪನಿಗಳ ಅಂಕಿ ಒಟ್ಟುಹಾಕುತ್ತವೆ. 2023ರ ವರದಿಯಲ್ಲಿ, ಕೆಳಹಂತದಿಂದ ಮ್ಯಾನೇಜರ್ ಹುದ್ದೆಗೆ 100 ಗಂಡಸರು ಏರಿದರೆ ಮಹಿಳೆಯರು 87. ಕಪ್ಪು ಮಹಿಳೆಯರು 54. 2020ರಲ್ಲಿ ಪೊಲೀಸರ ಕೈಯಲ್ಲಾದ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರದ ಒಂದೆರಡು ವರ್ಷ ಈ ಸಂಖ್ಯೆ ಮೇಲೇರಿತ್ತು. ಎಲ್ಲರ ಕಣ್ಣು ಬೇರೆ ಕಡೆ ಹೋದ ಕೂಡಲೇ ಇಳಿಯಿತು. ಮೇಲೆ ಮುರಿಯೋದಕ್ಕಿಂತ ಹೆಚ್ಚಾಗಿ ಮೊದಲ ಮೆಟ್ಟಿಲೇ ಮುರಿದಿದೆ ಅಂತ ಆ ವರದಿಗಳು ವರ್ಷವರ್ಷವೂ ಹೇಳುತ್ತಿವೆ. ಬರ್ನ್ಸ್ 2016ರ ಕೊನೆಗೆ ಆ ಕುರ್ಚಿ ಬಿಟ್ಟ ಮೇಲೆ ಫಾರ್ಚೂನ್ 500ರಲ್ಲಿ ಒಬ್ಬ ಕಪ್ಪು ಮಹಿಳಾ ಸಿಇಒ ಕೂಡ ಉಳಿಯಲಿಲ್ಲ. ಖಾಯಂ ಹುದ್ದೆಗೆ ಮತ್ತೆ ಇಬ್ಬರು ಬರಬೇಕಾದರೆ 2021 ಆಗಬೇಕಾಯಿತು: ಔಷಧಿ ಅಂಗಡಿಗಳ ವಾಲ್‌ಗ್ರೀನ್ಸ್‌ಗೆ ರಾಸಲಿಂಡ್ ಬ್ರೂಅರ್, ನಿವೃತ್ತಿ ಹಣ ನೋಡಿಕೊಳ್ಳುವ ಟಿಐಎಎಗೆ ತಸುಂಡಾ ಬ್ರೌನ್ ಡಕೆಟ್. ಬ್ರೂಅರ್ 2023ರಲ್ಲಿ ಹೊರಬಿದ್ದರು.

ಈಗ ನೀವು ಮಾಡಬಹುದಾದದ್ದು. ಆ ಕೋಣೆಯಲ್ಲಿ 'ಧಾಟಿ', 'ಪ್ರೆಸೆನ್ಸ್' ಎಂಬ ಮಾತು ಬಂದ ಕ್ಷಣ ಒಂದೇ ಪ್ರಶ್ನೆ ಕೇಳಿ: ಯಾವ ದಿನ, ಯಾವ ಘಟನೆ, ಅದರಿಂದ ಕೆಲಸಕ್ಕೆ ಏನು ನಷ್ಟವಾಯಿತು? ಇದನ್ನು ಆಕೆಯ ಸರದಿ ಬಂದಾಗ ಮಾತ್ರ ಕೇಳಬೇಡಿ. ಪಟ್ಟಿಯ ಮೊದಲ ಹೆಸರಿನಿಂದಲೇ, ಗಂಡಸರಿಗೂ ಬಿಳಿಯರಿಗೂ ನಮ್ಮವರಿಗೂ, ಹೊಗಳಿಕೆಗೂ ತೆಗಳಿಕೆಗೂ ಕೇಳಿ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮಲ್ಲಿ ಒಬ್ಬ ಪ್ಲಾಂಟ್ ಮುಖ್ಯಸ್ಥೆ ಈ ನಿಯಮ ತಂದರು: ಘಟನೆ ಬರೆಯದೆ ವಿಶೇಷಣ ಬರೆಯುವ ಹಾಗಿಲ್ಲ. ಮೊದಲ ಸುತ್ತಿನಲ್ಲಿ ಶೀಟಿನ ಎಷ್ಟೋ ಸಾಲು ಖಾಲಿ ಉಳಿಯಿತು. 'ಲೀಡರ್ ಮೆಟೀರಿಯಲ್' ಅಂತ ಹೆಸರಾದ ಕೆಲವರ ಎದುರಿಗೆ ಬರೆಯೋಕೆ ಒಂದು ಘಟನೆಯೂ ಸಿಗಲಿಲ್ಲ. ಕಪ್ಪು ಮಹಿಳೆಯೊಬ್ಬರ ಎದುರಿಗಿದ್ದ 'ಸದಾ ಸಿಟ್ಟು' ಎಂಬುದಕ್ಕೂ ಸಿಗಲಿಲ್ಲ. ಅದನ್ನು ಅಳಿಸಿದೆವು. ಅವರು ಆ ವರ್ಷ ಶಿಫ್ಟ್ ಮ್ಯಾನೇಜರ್ ಆದರು.

ಇನ್ನೊಂದು, ಆಕೆಗೆ ಎಂಥ ಕೆಲಸ ಕೊಡ್ತಾರೆ ನೋಡಿ. ಡೈವರ್ಸಿಟಿ ಕಮಿಟಿ ನಡೆಸು, ಹೊಸ ಹುಡುಗಿಯರಿಗೆ ದಾರಿ ತೋರಿಸು, ಕಾಲೇಜು ಮೇಳಕ್ಕೆ ಹೋಗು, ಇವೆಲ್ಲ ಆಕೆಯ ತಲೆಗೇ ಬಿದ್ದಿರುತ್ತವೆ. ಒಳ್ಳೆಯ ಕೆಲಸಗಳೇ, ಆದರೆ ಪ್ರಮೋಷನ್ ಶೀಟಿನಲ್ಲಿ ಅದಕ್ಕೆ ಕಾಲಂ ಇಲ್ಲ. ಲಾಭ ನಷ್ಟದ ಹೊಣೆ ಇರುವ ಕೆಲಸ ಇಲ್ಲದೆ ಇಲ್ಲಿ ತುದಿಗೆ ಹೋಗೋದು ಅಪರೂಪ. ಸೆಟಲ್‌ಮೆಂಟ್ ನಿಮ್ಮ ಕಂಪನಿಯ ಹೃದಯ, ಆದರೆ ಅದನ್ನು ಖರ್ಚಿನ ಪಟ್ಟಿಯಲ್ಲಿ ತೋರಿಸಿರುತ್ತಾರೆ. ಅಂದು ಎಷ್ಟು ಡಾಲರ್ ಉಳಿಯಿತು ಅಂತ ಲೆಕ್ಕ ಹಾಕಿದ್ದೀರಾ? ಹಾಕಿ. ಮತ್ತೆ, ಎಷ್ಟು ವರ್ಷದಿಂದ ಇದ್ದಾರೆ ಅನ್ನೋದನ್ನ ಮುಂದಿಡಬೇಡಿ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಹಾಗೆ, ಮೊದಲಿನಿಂದ ಇರುವವರನ್ನು ಇರುವಲ್ಲೇ ಇರಲಿ ಅಂತ ಬಿಡೋದು ಅಭ್ಯಾಸ.

ಎಲ್ಲಕ್ಕಿಂತ ಮೊದಲು, ಅವರನ್ನೇ ಕೇಳಿ. ಆಕೆಗೆ ಏನು ಬೇಕು, ನೀವು ಎಷ್ಟು ಮಾತಾಡಬೇಕು, ಯಾವುದು ಬೇಡ. ಅವರ ಬೆನ್ನ ಹಿಂದೆ ಅವರ ಹೋರಾಟ ಮಾಡೋಕೆ ಹೋಗಬೇಡಿ.


ಉತ್ತರ: ನೇರ ಮಾತು

ಬೇರೆ ಥರ ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಪ್ರಶ್ನೆ ಕೇಳಿದವರಿಗೆ ಹೆಂಡತಿ ಮಕ್ಕಳಿದ್ದರೆ ಅವರೂ ಇವರ ಎಚ್-1ಬಿ ಮೇಲೇ ಇರಬಹುದು. ಕೆಲಸ ಹೋದರೆ ಕೈಯಲ್ಲಿರೋದು 60 ದಿನ. ಅದೂ ಅಲ್ಲದೆ 2025ರ ಜನವರಿಯಿಂದ ಗಾಳಿಯೇ ಬದಲಾಗಿದೆ. ಅಧ್ಯಕ್ಷರು ಡಿಇಐ (ಎಲ್ಲ ಬಗೆಯ ಜನರನ್ನೂ ಒಳಗೊಳ್ಳುವ ಕಂಪನಿ ಕಾರ್ಯಕ್ರಮಗಳು) ವಿರುದ್ಧ ಆದೇಶ ಹೊರಡಿಸಿದ್ದಾರೆ, ತಾರತಮ್ಯ ಮಾಡಬಾರದು ಅಂತ ಸರ್ಕಾರಿ ಗುತ್ತಿಗೆದಾರರಿಗೆ 1965ರಿಂದ ಇದ್ದ ಆದೇಶವನ್ನೇ ರದ್ದು ಮಾಡಿದ್ದಾರೆ. ಈಗ ಒಬ್ಬ ಕಪ್ಪು ಮಹಿಳೆಯ ಪರ ಜೋರಾಗಿ ಮಾತಾಡಿದರೆ, ಜನಾಂಗ ನೋಡಿ ಪ್ರಮೋಷನ್ ಕೊಡಿಸ್ತಿದ್ದಾನೆ ಅಂತ ಇವರ ಮೇಲೇ ದೂರು ಬರಬಹುದು. ಕೆಲಸ ಚೆನ್ನಾಗಿದ್ದರೆ ಬೇರೆ ಕಂಪನಿ ಕರೆಯುತ್ತೆ. ಅವರಿಗೆ ಒಳ್ಳೆ ರೆಫರೆನ್ಸ್ ಕೊಟ್ಟು ಬಿಡಿ.


ಉತ್ತರ: ಜೆನೆಸೀ ತೀರದವಳು

ಹೆಂಡತಿ ಮಕ್ಕಳ ಚಿಂತೆ ನಿಜವಾದದ್ದು, ಅದನ್ನು ನಾನು ಹಗುರ ಮಾಡೋದಿಲ್ಲ. ಆದರೆ ಕಾನೂನನ್ನು ಪೂರ್ತಿ ಹೇಳೋಣ. ಅಧ್ಯಕ್ಷರ ಆದೇಶದಿಂದ 1964ರ ನಾಗರಿಕ ಹಕ್ಕು ಕಾಯ್ದೆ ರದ್ದಾಗುವುದಿಲ್ಲ. ಕೆಲಸದಲ್ಲಿ ತಾರತಮ್ಯ ಕೂಡದು ಅನ್ನೋ ಅದರ ಟೈಟಲ್ ಸೆವೆನ್ ಭಾಗ ಹಾಗೇ ಇದೆ. ತಾರತಮ್ಯ ಕಂಡು ಆಕ್ಷೇಪ ಎತ್ತಿದವರ ಮೇಲೆ ಸೇಡು ತೀರಿಸಿಕೊಳ್ಳೋದೂ ಅದರಡಿ ತಪ್ಪೇ, ಆಕ್ಷೇಪ ಎತ್ತಿದವನು ಮ್ಯಾನೇಜರ್ ಆಗಿರಲಿ, ವೀಸಾ ಮೇಲಿರಲಿ.

2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಏಮ್ಸ್ ಎಂಬ ಕೇಸಿನಲ್ಲಿ ಒಮ್ಮತದ ತೀರ್ಪು ಕೊಟ್ಟಿತು. ಬಹುಸಂಖ್ಯಾತ ಗುಂಪಿನವರು ದೂರು ಕೊಟ್ಟರೆ ಅವರಿಂದ ಹೆಚ್ಚಿನ ಸಾಕ್ಷ್ಯ ಕೇಳುವ ಹಾಗಿಲ್ಲ, ಎಲ್ಲರಿಗೂ ಒಂದೇ ಅಳತೆ ಅಂತ. ಬರೆದವರು ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್, ಆ ಕೋರ್ಟಿಗೆ ಬಂದ ಮೊದಲ ಕಪ್ಪು ಮಹಿಳೆ. ನಾನು ಮೇಲೆ ಹೇಳಿದ್ದೂ ಅಷ್ಟೇ. ಆಕೆಗೆ ರಿಯಾಯಿತಿ ಕೊಡಿ ಅಂತ ನಾನು ಎಲ್ಲಿ ಬರೆದೆ? ಕೂಗಾಡಿದವನಿಗೆ ಹಾಕಿದ ಅಳತೆಯನ್ನು ಫೈಲ್ ತಡೆದವರಿಗೂ ಹಾಕಿ ಅಂದೆ.

ಬೇರೆ ಕಂಪನಿ ಕರೆಯುತ್ತೆ ಅಂತೀರಿ. 54 ಅನ್ನೋದು ಒಂದು ಕಂಪನಿಯ ಲೆಕ್ಕ ಅಲ್ಲ. ಹೋದಲ್ಲೂ ಅದೇ ಕೋಣೆ.

ಪ್ರಶ್ನೆ ಕೇಳಿದವರಿಗೆ: ನಿಮ್ಮ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿ 180 ದಿನ ದಾಟಿದ್ದರೆ, ಕಂಪನಿ ಅದನ್ನು ಹಿಂತೆಗೆದುಕೊಂಡರೂ ಕ್ಯೂನಲ್ಲಿರುವ ನಿಮ್ಮ ದಿನಾಂಕ ಉಳಿಯುತ್ತದೆ. ವಕೀಲರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ, ಭಯ ಸ್ವಲ್ಪ ಇಳಿಯುತ್ತದೆ.


ಉತ್ತರ: ಕಮ್ಮಿಂಗ್ ಅಣ್ಣ

ಆಲ್ಫರೆಟ್ಟಾದಿಂದ ಸ್ವಲ್ಪ ಮೇಲೆ ಫೋರ್ಸೈತ್ ಕೌಂಟಿಯಲ್ಲಿ ನಮ್ಮ ಮನೆ. ಇಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಅಂದ್ರೆ, ಯುಗಾದಿಗೆ ಹಾಲ್ ಬುಕ್ ಮಾಡೋಕೆ ತಿಂಗಳುಗಟ್ಟಲೆ ಮೊದಲೇ ಓಡಾಡಬೇಕು. ಒಳ್ಳೆ ಸ್ಕೂಲು ಅಂತ ಎಲ್ಲರೂ ಬಂದೆವು.

1912ರಲ್ಲಿ ಈ ಕೌಂಟಿಯಲ್ಲಿ ಸುಮಾರು 1,100 ಕಪ್ಪು ಜನ ಇದ್ದರು. ಒಬ್ಬ ಬಿಳಿ ಹುಡುಗಿಯ ಕೊಲೆಯಾಯಿತು. ಆಮೇಲೆ ಗುಂಪುಗಳು ರಾತ್ರೋರಾತ್ರಿ ಮನೆ, ಚರ್ಚುಗಳಿಗೆ ಬೆಂಕಿ ಇಟ್ಟು ಹೆಚ್ಚುಕಡಿಮೆ ಅಷ್ಟೂ ಜನರನ್ನು ಓಡಿಸಿದವು. ಹೊಲ ಮನೆ ಬಿಟ್ಟು ಹೋದರು. ಎಪ್ಪತ್ತೈದು ವರ್ಷ ಇದು ಬಿಳಿಯರದ್ದೇ ಕೌಂಟಿಯಾಗಿ ಉಳಿಯಿತು. 1987ರ ಜನವರಿಯಲ್ಲಿ ನಾಗರಿಕ ಹಕ್ಕು ಹೋರಾಟಗಾರ ಹೊಸಿಯಾ ವಿಲಿಯಮ್ಸ್ ಶಾಂತಿ ಮೆರವಣಿಗೆ ತಂದಾಗ ಕಲ್ಲು ಬಾಟಲಿ ತೂರಿದರು. ಮರುವಾರ ಸುಮಾರು 20,000 ಜನ ಬಂದು ನಡೆದರು. ನಾವು ಬಂದದ್ದು ಆ ನಡಿಗೆಯ ನಂತರ.

ಅಮೆರಿಕಕ್ಕೆ ಬಂದದ್ದೂ ಹಾಗೇ. 1946ರ ಕಾನೂನಿನ ಪ್ರಕಾರ ಭಾರತಕ್ಕಿದ್ದ ಕೋಟಾ ವರ್ಷಕ್ಕೆ 100 ಜನ. 1965ರಲ್ಲಿ ಆ ದೇಶವಾರು ಕೋಟಾ ಪದ್ಧತಿ ಬಿದ್ದುಹೋಯಿತು, ಅದೇ ವರ್ಷ ಮತದಾನದ ಹಕ್ಕಿನ ಕಾಯ್ದೆಯೂ ಬಂತು. ಅಲಬಾಮಾ ರಾಜ್ಯದ ಸೆಲ್ಮಾ, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಕಪ್ಪು ಜನರ ಹಕ್ಕಿಗಾಗಿ ಏಟು ತಿಂದವರಲ್ಲಿ ಹೆಂಗಸರು ಎಷ್ಟೋ ಮಂದಿ. ಅವರು ತೆರೆಸಿದ ಬಾಗಿಲಲ್ಲಿ ನಮ್ಮ ಇಂಜಿನಿಯರುಗಳು ಬಂದರು, ಈಗ ನಮ್ಮವರು ಪ್ರಮೋಷನ್ ಮೀಟಿಂಗಿನಲ್ಲಿ ಕೂತಿದ್ದಾರೆ. ಅಲ್ಲಿ ಕೂತು 'ನಮಗ್ಯಾಕೆ ಊರ ಉಸಾಬರಿ' ಅನ್ನೋದು ನನ್ನ ಕೈಲಿ ಆಗಲ್ಲ.

ನಮ್ಮ ಪಾಟ್‌ಲಕ್‌ಗಳಲ್ಲಿ ಇಂದಿಗೂ ಮನೆ ಹುಡುಕುವ ಮಾತು ಬಂದಾಗ 'ಆ ಏರಿಯಾ ಬೇಡ, ಅಲ್ಲಿ ಅವರು ಜಾಸ್ತಿ' ಅನ್ನುವವರಿದ್ದಾರೆ. ಸೋಮವಾರ ಅವರೇ ಆಫೀಸಿನಲ್ಲಿ ಇಂಟರ್‌ವ್ಯೂ ತಗೋತಾರೆ. ಅದೂ ಇದೂ ಬೇರೆ ಅಂತ ನನಗೆ ಅನ್ನಿಸಿಲ್ಲ.


ಉತ್ತರ: ಬೆಳ್ಳಂದೂರಿನಿಂದ

ನಾನು ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಅಮೆರಿಕದ ಕಂಪನಿಯೊಂದರ ಸೆಂಟರ್‌ನಲ್ಲಿದ್ದೇನೆ. ನಮ್ಮ ವಿಪಿ ಅಲ್ಲಿನ ಒಬ್ಬ ಕಪ್ಪು ಮಹಿಳೆ. ಅವರು ಕಾಲ್‌ಗೆ ಬರುವಾಗ ಮಾಡಿಕೊಂಡಿರುವ ತಯಾರಿ ನೋಡಿದರೆ ಬೇರೆ ವಿಪಿಗಳ ಕಾಲ್ ನೆನಪಾಗಿ ಬೇಜಾರಾಗುತ್ತೆ. ಪ್ರತಿ ನಿರ್ಧಾರದ ಮೇಲ್ ಅವರೇ ಬರೀತಾರೆ, ಕಾಲ್ ಮುಗಿದ ಹತ್ತು ನಿಮಿಷದಲ್ಲಿ. ಯಾಕೆ ನೀವೇ ಬರೀತೀರಿ, ನಮಗೆ ಹೇಳಿ ಅಂದಾಗ, 'ನಾನು ಹೇಳಿದ್ದು ಇನ್ನೊಬ್ಬರ ಹೆಸರಲ್ಲಿ ವಾಪಸ್ ಬರೋದನ್ನ ತುಂಬ ನೋಡಿದ್ದೀನಿ' ಅಂದರು. ಒಂದು ಸಲ ನನ್ನ ಕಣ್ಣೆದುರಿಗೇ ಆಯಿತು. ಅವರು ಹೇಳಿದ ಮೈಗ್ರೇಷನ್ ಪ್ಲಾನ್‌ಗೆ ಯಾರೂ ತುಟಿ ಬಿಚ್ಚಲಿಲ್ಲ, ಇಪ್ಪತ್ತು ನಿಮಿಷದ ನಂತರ ಒಬ್ಬ ಗಂಡಸು ಅದನ್ನೇ ಹೇಳಿದ, ಎಲ್ಲರೂ ಗ್ರೇಟ್ ಐಡಿಯಾ ಅಂದರು. ನಮ್ಮ ಕಡೆಯ ಸೀನಿಯರ್ ಒಬ್ಬರು ಮೈಕ್ ಆನ್ ಮಾಡಿ, 'ಇದು ಮೇಡಂ ಆಗಲೇ ಹೇಳಿದ ಪ್ಲಾನ್, ಅವರೇ ಮುಂದುವರಿಸಲಿ' ಅಂದರು. ಅಷ್ಟೇ. ಮೇಡಂ ಮುಂದುವರಿಸಿದರು.

ನಮ್ಮ ಆಫೀಸಿನಲ್ಲಿ ಅವರ ತಲೆಕೂದಲ ಬಗ್ಗೆ ಗುಸುಗುಸು ಮಾತಾಡೋರು ಇದ್ದಾರೆ, ಒಂದು ವಾರ ಜಡೆ, ಇನ್ನೊಂದು ವಾರ ಬೇರೆ ಥರ ಅಂತ. ಹುಟ್ಟಿದ ಹಾಗಿರುವ ಕೂದಲನ್ನು ಇಟ್ಟುಕೊಂಡು ಕೆಲಸಕ್ಕೆ ಬರೋದಕ್ಕೆ ಅಲ್ಲಿ ಕಾನೂನೇ ಬೇಕಾಯಿತು ಅಂತ ಅವರಿಗೆ ಗೊತ್ತಿಲ್ಲ. ಕ್ಯಾಲಿಫೋರ್ನಿಯಾ 2019ರಲ್ಲಿ ಮೊದಲು ಮಾಡಿತು, ಕ್ರೌನ್ ಆಕ್ಟ್ ಅಂತ. ಇಡೀ ದೇಶಕ್ಕೆ ಒಂದು ಮಾಡೋಣ ಅಂತ 2022ರಲ್ಲಿ ಕೆಳಮನೆ ಪಾಸ್ ಮಾಡಿತು, ಸೆನೆಟ್‌ನಲ್ಲಿ ನಿಂತುಹೋಯಿತು.

ಸರ್, ನಿಮ್ಮ ಟೀಮಿನಲ್ಲಿ ನಮ್ಮಂಥ ಜೂನಿಯರ್‌ಗಳೂ ಇರ್ತಾರಲ್ಲ. ಅವರ ಹತ್ತಿರವೂ ಆಕೆಯ ಬಗ್ಗೆ ಫೀಡ್‌ಬ್ಯಾಕ್ ಕೇಳಿ ಬರೆಸಿ. ಮೇಲಿನವರು ಅವರನ್ನು ವರ್ಷಕ್ಕೊಮ್ಮೆ ನೋಡ್ತಾರೆ, ಕೆಳಗಿನವರು ದಿನಾ ನೋಡ್ತಾರೆ.


ಪ್ರಶ್ನೆ ಕೇಳಿದವರ ಉತ್ತರ: ಆಲ್ಫರೆಟ್ಟಾ ನಿವಾಸಿ

ಎಲ್ಲರಿಗೂ ಧನ್ಯವಾದ. ರಾಚೆಸ್ಟರ್ ಅಕ್ಕ, ನೀವು ಹೇಳಿದ ಹಾಗೆ ಮೊದಲು ಅವರನ್ನೇ ಕೇಳಿದೆ. ಮೀಟಿಂಗಿನಲ್ಲಿ ಯಾವ ಮಾತು ಬಂತು ಅಂತ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಮೆಂಟರ್ ಬೇಡ ಅಂದರು. ಸೆಟಲ್‌ಮೆಂಟ್ ಜೊತೆಗೆ ಮರ್ಚೆಂಟ್ ಪ್ರೈಸಿಂಗ್ ಕೂಡ ತನಗೆ ಬೇಕು, ಅದರಲ್ಲಿ ಆದಾಯದ ಹೊಣೆ ಇದೆ ಅಂದರು. ಜನಾಂಗದ ವಿಷಯ ನಾನು ಎತ್ತುವುದು ಬೇಡ, ಬೇಕಾದಾಗ ತಾನೇ ಎತ್ತುತ್ತೇನೆ, ನೀವು ಘಟನೆಗಳನ್ನು ಹಿಡಿದು ಮಾತಾಡಿ ಎಂದರು. ಆ ರಾತ್ರಿಯ ಕಾಲ್‌ನ ರೆಕಾರ್ಡಿಂಗ್ ಇದೆ. ಕೇಳಿಸಿಕೊಂಡೆ. 'ದಯವಿಟ್ಟು' ಅಂತ ಎರಡು ಸಲ ಅಂದಿದ್ದಾರೆ.

ಡಾಲರ್ ಲೆಕ್ಕ ಹಾಕಿದೆ, ಫೈನಾನ್ಸ್‌ನವರಿಂದ ಸಹಿಯೂ ಮಾಡಿಸಿದೆ. ಪಟ್ಟಿಯಲ್ಲಿರುವ ನನ್ನ ಟೀಮಿನ ಎಲ್ಲರಿಗೂ ಘಟನೆ, ಪರಿಣಾಮ ಅಂತ ಒಂದೇ ಥರದ ಪುಟ ತಯಾರಿಸಿದ್ದೇನೆ, ನಮ್ಮ ಕನ್ನಡದ ಹುಡುಗನೊಬ್ಬ ಇದ್ದಾನೆ, ಅವನಿಗೂ. ಒಂದು ಅನುಮಾನ. ಇದನ್ನು ಎಚ್‌ಆರ್‌ಗೆ ಮೊದಲು ಕಳಿಸಲೋ ಅಥವಾ ಮೀಟಿಂಗಿನಲ್ಲೇ ತೆರೆಯಲೋ?


ಉತ್ತರ: ಜೆನೆಸೀ ತೀರದವಳು

ಎರಡೂ ಬೇಡ. ಆ ಡೈರೆಕ್ಟರ್ ಹುದ್ದೆಯ ಬಜೆಟ್ ಯಾರ ಕೈಯಲ್ಲಿದೆಯೋ ಅವರನ್ನು ಮೀಟಿಂಗಿಗೆ ಒಂದು ವಾರ ಮುಂಚೆ ಹೋಗಿ ನೋಡಿ. ಪುಟವನ್ನು ಮೇಜಿನ ಮೇಲಿಡಿ, ಪ್ರೈಸಿಂಗ್ ಕೇಳಿ. ಅವರು ಹೂಂ ಅಂದರೆ ಕೋಣೆಯಲ್ಲಿ ಆಕೆಯ ಹೆಸರು ಮೊದಲು ಅವರ ಬಾಯಿಂದ ಬರಲಿ, ನೀವು ಎರಡನೆಯವರಾಗಿ ಮಾತಾಡಿ. ಉಹೂಂ ಅಂದರೆ ಕಾರಣ ಕೇಳಿ, ಅದೇ ಸಂಜೆ ಮೇಲ್‌ನಲ್ಲಿ 'ನಮ್ಮ ಮಾತುಕತೆಯ ಪ್ರಕಾರ' ಅಂತ ಬರೆದು ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಎಚ್‌ಆರ್‌ಗೆ ಆ ಮೇಲ್ ಆಮೇಲೆ. ಏನಾಯಿತು ಅಂತ ಇಲ್ಲಿ ಬರೆಯಿರಿ, ಕಾಯ್ತಿರ್ತೀನಿ.